ಮನಸ್ಸಿನ ಬೇಸಾಯ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯ ರೈತರು ಒಂದು ಸತ್ಯವನ್ನು ಚೆನ್ನಾಗಿ ಬಲ್ಲರು. ಉಳದೆ ಬಿಟ್ಟ ಹೊಲವು ಬರಿದಾಗಿ ಉಳಿಯುವುದಿಲ್ಲ. ಅಲ್ಲಿ ಕಳೆಯು ತಾನಾಗಿಯೇ ಬೆಳೆಯುತ್ತದೆ. ರಾಗಿ ಬೇಕಾದರೆ ಉತ್ತು, ಬಿತ್ತಿ, ಕಳೆ ಕೀಳಬೇಕು. ಮನಸ್ಸೂ ಅಂತಹ ಒಂದು ಹೊಲ. ಧ್ಯಾನಕ್ಕೆ ಬೌದ್ಧರು ಪಾಲಿ ಭಾಷೆಯಲ್ಲಿ ಬಳಸಿದ ಮಾತು ‘ಭಾವನಾ’. ಬೆಳೆಸುವುದು, ವೃದ್ಧಿಪಡಿಸುವುದು ಎಂದು ಅದರ ಅರ್ಥ. ಭಿಕ್ಷೆಗೆ ಬಂದ ಬುದ್ಧನನ್ನು, ಉತ್ತು ಬಿತ್ತಿ ಉಣ್ಣಬಾರದೇಕೆಂದು ಕಸಿಭಾರದ್ವಾಜನೆಂಬ ಬ್ರಾಹ್ಮಣ ಕೃಷಿಕನು ಕೇಳಿದ ಪ್ರಸಂಗ ‘ಸುತ್ತನಿಪಾತ’ದಲ್ಲಿದೆ. ತಾನೂ ಬೇಸಾಯಗಾರನೆಂದೂ ಶ್ರದ್ಧೆಯೇ ತನ್ನ ಬೀಜವೆಂದೂ ಬುದ್ಧನು ಉತ್ತರಿಸಿದನು.

ಈ ಬೇಸಾಯದ ಫಲವೇನು? ಸಿದ್ಧಾರ್ಥನು ಅರಮನೆಯ ಸುಖವನ್ನು ತೊರೆದು ಆರು ವರ್ಷ ಕಠಿಣ ತಪಸ್ಸನ್ನಾಚರಿಸಿದನು. ದೇಹವು ಬಡಕಲಾಯಿತೇ ಹೊರತು ದುಃಖದ ಮೂಲವು ತಿಳಿಯಲಿಲ್ಲ. ಆಗ ಅವನು ಭೋಗ ಮತ್ತು ದೇಹದಂಡನೆಗಳೆರಡನ್ನೂ ಬಿಟ್ಟು ಮಧ್ಯಮಮಾರ್ಗವನ್ನು ಹಿಡಿದನು. ಬುದ್ಧಗಯೆಯ ಅರಳಿಮರದ ಕೆಳಗೆ ಧ್ಯಾನಸ್ಥನಾಗಿ, ತೃಷ್ಣೆಯೇ ದುಃಖಕ್ಕೆ ಕಾರಣವೆಂದು ಕಂಡುಕೊಂಡನು. ತೃಷ್ಣೆಯನ್ನು ಬೇರುಸಹಿತ ಕೀಳುವುದೇ ಬೌದ್ಧ ಧ್ಯಾನದ ಗುರಿ, ಪವಾಡಗಳನ್ನು ತೋರುವುದಲ್ಲ. ಆದುದರಿಂದಲೇ ಧ್ಯಾನಕ್ಕೆ ಶೀಲವು ತಳಹದಿ. ಸುಳ್ಳು, ಕಳವು, ಹಿಂಸೆಗಳಲ್ಲಿ ತೊಡಗಿದ ಮನಸ್ಸು ಶಾಂತವಾಗಲಾರದು.

ಅಭ್ಯಾಸದ ಮೊದಲ ಹೆಜ್ಜೆ ಸರಳವಾದುದು. ಸಾಧಕನು ಬೆನ್ನು ನೆಟ್ಟಗಿರಿಸಿ ಕುಳಿತು, ಬಂದುಹೋಗುವ ಉಸಿರನ್ನು ಗಮನಿಸುತ್ತಾನೆ. ಇದಕ್ಕೆ ‘ಆನಾಪಾನಸತಿ’ ಎಂದು ಹೆಸರು. ಉಸಿರನ್ನು ಬಿಗಿಹಿಡಿಯುವುದಾಗಲಿ ನೀಳಗೊಳಿಸುವುದಾಗಲಿ ಇಲ್ಲಿಲ್ಲ. ಅದು ಇದ್ದಂತೆಯೇ ತಿಳಿಯುವುದಷ್ಟೇ ಕೆಲಸ. ಕ್ಷಣಮಾತ್ರದಲ್ಲಿ ಮನಸ್ಸು ಎತ್ತಲೋ ಓಡುತ್ತದೆ. ಓಡಿದ್ದನ್ನು ಅರಿತು, ಬೇಸರಪಡದೆ ಅದನ್ನು ಮರಳಿ ಉಸಿರಿಗೆ ತರಬೇಕು. ನೂರು ಬಾರಿ ಓಡಿದರೆ ನೂರು ಬಾರಿಯೂ ತರಬೇಕು. ಹೀಗೆ ಮನಸ್ಸು ನೆಲೆನಿಲ್ಲುವುದು ‘ಶಮಥ’. ನೆಲೆನಿಂತ ಮನಸ್ಸಿನಿಂದ ದೇಹ, ವೇದನೆ, ಚಿತ್ತ, ಧರ್ಮ ಎಂಬ ನಾಲ್ಕನ್ನು ನೋಡಿ ಅವುಗಳ ಅನಿತ್ಯತೆಯನ್ನು ಅರಿಯುವುದು ‘ವಿಪಶ್ಯನ’.

ಇದರಿಂದಾಗುವ ಪ್ರಯೋಜನವನ್ನು ಒಂದು ನಿದರ್ಶನದಿಂದ ತಿಳಿಯಬಹುದು. ಸಹಪಾಠಿಯೊಬ್ಬನು ಹೀಯಾಳಿಸಿದೊಡನೆ ಹುಡುಗನ ಎದೆ ಬಡಿದುಕೊಳ್ಳುತ್ತದೆ, ಕೈ ಮೇಲೇಳುತ್ತದೆ. ‘ಇದು ಕೋಪ, ಈಗ ಹುಟ್ಟಿದೆ’ ಎಂದು ಆ ಕ್ಷಣದಲ್ಲೇ ಅರಿತವನಿಗೆ, ಹೊಡೆಯುವ ಮುನ್ನ ಯೋಚಿಸಲು ಎಡೆ ದೊರೆಯುತ್ತದೆ. ಅರಿಯದವನನ್ನು ಕೋಪವೇ ನಡೆಸುತ್ತದೆ. ತನಗೂ ಮಿತ್ರರಿಗೂ ಕೊನೆಗೆ ವೈರಿಗೂ ಒಳಿತನ್ನು ಬಯಸುವ ‘ಮೈತ್ರೀಭಾವನೆ’ಯು ಈ ಅಭ್ಯಾಸವನ್ನು ಪೂರ್ಣಗೊಳಿಸುತ್ತದೆ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಸುಮಾರು 58 ಅಡಿ ಎತ್ತರದ ಬಾಹುಬಲಿಯು ಕಾಯೋತ್ಸರ್ಗದಲ್ಲಿ ನಿಂತಿದ್ದಾನೆ. ಅದು ಜೈನರ ಧ್ಯಾನಕ್ರಮ. ತತ್ತ್ವದಲ್ಲಿ ಬೌದ್ಧಕ್ಕಿಂತ ಭಿನ್ನ. ಆದರೂ ಬಳ್ಳಿಗಳು ಮೈಗೆ ಹಬ್ಬುವಷ್ಟು ಕಾಲ ಅಲುಗದೆ ನಿಂತ ಬಾಹುಬಲಿಗೆ, ಅಣ್ಣನ ಕುರಿತ ಒಂದು ಚಿಂತೆಯು ಉಳಿದಿದ್ದುದರಿಂದ ಕೇವಲಜ್ಞಾನವು ತಡವಾಯಿತೆಂಬ ಕಥೆಯು ಮನನೀಯವಾದುದು. ದೇಹವು ನಿಶ್ಚಲವಾದ ಮಾತ್ರಕ್ಕೆ ಮನಸ್ಸು ಮುಕ್ತವಾಗುವುದಿಲ್ಲವೆಂಬ ಅರಿವು ಎರಡು ಧರ್ಮಗಳಲ್ಲಿಯೂ ಇದೆ.

ಕನ್ನಡ ನಾಡಿಗೆ ಬೌದ್ಧ ಧರ್ಮವು ಹೊಸದಲ್ಲ. ಬ್ರಹ್ಮಗಿರಿಯ ಅಶೋಕ ಶಾಸನವೂ ಸನ್ನತಿಯ ಸ್ತೂಪಾವಶೇಷಗಳೂ ಅದಕ್ಕೆ ಸಾಕ್ಷಿ. 1956ರಲ್ಲಿ ಆಚಾರ್ಯ ಬುದ್ಧರಕ್ಖಿತರು ಬೆಂಗಳೂರಿನಲ್ಲಿ ಮಹಾಬೋಧಿ ಸಂಸ್ಥೆಯನ್ನು ಸ್ಥಾಪಿಸಿದರು. ಬರ್ಮಾದಲ್ಲಿ ವಿಪಶ್ಯನವನ್ನು ಕಲಿತ ಸತ್ಯನಾರಾಯಣ ಗೋಯೆಂಕಾ ಅವರು 1969ರಲ್ಲಿ ಭಾರತಕ್ಕೆ ಬಂದು, ಹತ್ತು ದಿನಗಳ ಮೌನ ಶಿಬಿರಗಳನ್ನು ಆರಂಭಿಸಿದರು. ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹರಿದುಬರುವ ಕಾವೇರಿಯು ಅದಕ್ಕೆ ಮೊದಲು ಕುಶಾಲನಗರವನ್ನು ಹಾದುಬರುತ್ತದೆ. ಅದರ ಸಮೀಪದ ಬೈಲುಕುಪ್ಪೆಯಲ್ಲಿ, 1960ರ ದಶಕದ ಆರಂಭದಲ್ಲಿ ನಾಡು ತೊರೆದುಬಂದ ಟಿಬೆಟಿಯನ್ನರು ನೆಲೆಯೂರಿದರು. ಕಾಡು ಕಡಿದು ಹೊಲ ಮಾಡಿದ ಅವರು ವಿಹಾರಗಳನ್ನೂ ಕಟ್ಟಿದರು. ಮನೆ, ನೆಲ, ಬಂಧುಗಳನ್ನು ಕಳೆದುಕೊಂಡ ಜನರು ದ್ವೇಷಕ್ಕೆ ವಶರಾಗದೆ ಬಾಳಲು ಈ ಸಾಧನೆಯು ಆಸರೆಯಾಯಿತು.

ಧ್ಯಾನದ ಬೆಳೆಯನ್ನು ಅಳೆಯುವುದು ಕುಳಿತ ಆಸನದ ಮೇಲಲ್ಲ. ಎದ್ದ ಮೇಲೆ ಆಡುವ ಮಾತಿನಲ್ಲಿ, ಮಾಡುವ ಕೆಲಸದಲ್ಲಿ.