ಆಟಕ್ಕೂ ಒಂದು ಕಿರ್ದಿ ಇರಲಿ

ಅಕ್ಕಲಕೋಟೆ ತಾಲೂಕಿನಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ನಲವತ್ತು ವರ್ಷಗಳಿಂದ ರಾತ್ರಿ ಕಿರ್ದಿ ಬರೆಯದೆ ನಾವು ಗಾದಿ ಬಿಟ್ಟು ಎದ್ದವರಲ್ಲ. ಕಳೆದ ವರ್ಷ ಒಂದು ರಾತ್ರಿ ಲೆಕ್ಕ ಕೂಡಲಿಲ್ಲ. ಒಂದೇ ತಿಂಗಳಲ್ಲಿ ಐದು ಸಲ, ಒಟ್ಟು 1,850 ರೂಪಾಯಿ ಅಂಗಡಿಯ ಮೊಬೈಲಿನಿಂದ ಹೋಗಿತ್ತು. ಕೆಲಸದ ಹುಡುಗನ ಮೇಲೆ ಸಂಶಯಪಟ್ಟು ನಾಲ್ಕು ಬಿರುಸು ಮಾತು ಆಡಿಯೇ ಬಿಟ್ಟೆವು. ಮರುದಿನ ನಿಜ ತಿಳಿಯಿತು. ಹಣ ಖರ್ಚು ಮಾಡಿದವನು ಒಂಬತ್ತನೆಯ ಇಯತ್ತೆ ಓದುವ ನಮ್ಮ ಮೊಮ್ಮಗ! ಮೊಬೈಲಿನ ಗುಂಡು ಹಾರಿಸುವ ಆಟದಲ್ಲಿ ತನ್ನ ಬೊಂಬೆಗೆ ಅಂಗಿ, ಬಂದೂಕಿಗೆ ಬಣ್ಣ ಕೊಂಡಿದ್ದ.

ಮೊದಲು ನಾವು ಮಾಡಿದ್ದು ಎಲ್ಲ ಹಿರಿಯರೂ ಮಾಡುವುದನ್ನೇ. ಮೊಬೈಲನ್ನು ತಿಜೋರಿಯಲ್ಲಿಟ್ಟು ಕೀಲಿ ಹಾಕಿದೆವು. ಎಂಟು ದಿನಗಳಲ್ಲಿ ಹುಡುಗ ಟ್ಯೂಶನ್ನಿನ ನೆಪ ಹೇಳಿ ಗೆಳೆಯರ ಮನೆಯಲ್ಲಿ ಆಡತೊಡಗಿದ. ಹೊತ್ತು ಮುಳುಗುವ ಮುನ್ನ ಊಟಕ್ಕೆ ಕೂಡುವ ಮನೆಯ ಪದ್ಧತಿ ತಪ್ಪಿತು. ಅದರ ಜೊತೆಗೆ ಸುಳ್ಳೂ ಕಲಿತ. ಕೀಲಿಯಿಂದ ಬಂದ ಲಾಭ ಇಷ್ಟೇ.

ಆಮೇಲೆ ಒಂದು ರವಿವಾರ ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡು, “ಏನು ಆಡ್ತೀಯೋ ನಮಗೂ ತೋರ್ಸು” ಎಂದೆವು. ಅಂದು ಎರಡು ಸಂಗತಿ ತಿಳಿದವು.

ಒಂದನೆಯದು, ಆಟದ ಒಂದು ಸುತ್ತು ಸುಮಾರು ಅರ್ಧ ತಾಸು ನಡೆಯುತ್ತದೆ. ನಾಲ್ವರ ತಂಡ. ನಡುವೆ ನಿಲ್ಲಿಸಿಡುವಂತಿಲ್ಲ. “ಮುತ್ಯಾ, ಅವ್ವ ಊಟಕ್ಕ ಕರದಾಗ ನಾ ಎದ್ದು ಬಂದ್ರ ಉಳಿದ ಮೂರು ಮಂದಿ ಸೋಲ್ತಾರ” ಎಂದ. ಪಾಲುದಾರರನ್ನು ಅರ್ಧಕ್ಕೆ ಬಿಟ್ಟು ಬರಬಾರದೆಂಬುದು ವ್ಯಾಪಾರಿಗೆ ಹೇಳಿಕೊಡಬೇಕಾದ ಪಾಠವಲ್ಲ. ದಿನಾಲೂ ಸಂಜೆ ಆಗುತ್ತಿದ್ದ ಜಗಳಕ್ಕೆ ಹಟವೊಂದೇ ಕಾರಣವಾಗಿರಲಿಲ್ಲ. ನಾವು ವೇಳೆಯನ್ನು ತಪ್ಪು ಮಾಪಿನಿಂದ ಅಳೆಯುತ್ತಿದ್ದೆವು.

ಎರಡನೆಯದು, ಪುಕ್ಕಟೆ ಎನ್ನುವ ಆ ಆಟದೊಳಗೆ ಒಂದು ದೊಡ್ಡ ಅಂಗಡಿಯೇ ಇದೆ. ದಿನಾ ಬಂದು ಹೋದರೆ ಒಂದು ಕಾಣಿಕೆ. “ಇಂದು ರಾತ್ರಿಯೇ ಕೊನೆ” ಎಂಬ ರಿಯಾಯಿತಿ. ಹಣ ಕೊಡುವ ತನಕ ಒಳಗೇನಿದೆ ಎಂದು ತಿಳಿಯದ ಪೆಟ್ಟಿಗೆ. ರೂಪಾಯಿಯನ್ನು ಮೊದಲು ಆಟದ ನಾಣ್ಯಕ್ಕೆ ಬದಲಿಸಬೇಕು. ಆಗ ಖರ್ಚು ಖರ್ಚೆಂದು ಕಾಣುವುದೇ ಇಲ್ಲ. ಗಿರಾಕಿ ಹಿಡಿಯುವ ಈ ಉಪಾಯಗಳು ನಮಗೆ ಹೊಸವೇ? ಒಂದೊಂದನ್ನೂ ಬಿಡಿಸಿ ಹೇಳಿದೆವು. ಐದು ಖರೀದಿಗಳನ್ನೂ ಅವನ ಕೈಯಿಂದಲೇ ರೂಪಾಯಿಯಲ್ಲಿ ಬರೆಸಿದೆವು. ಮೊತ್ತ ನೋಡಿ ಅವನ ಮುಖ ಸಣ್ಣದಾಯಿತು. ಬೈಗುಳ ಮಾಡದ ಕೆಲಸವನ್ನು ಲೆಕ್ಕ ಮಾಡಿತು. ಅವನೇ ಹೋಗಿ ಕೆಲಸದ ಹುಡುಗನ ಕ್ಷಮೆ ಕೇಳಿದ. ನಾವೂ ಕೇಳಿದೆವು.

ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಕಾಲಮಿತಿಯುಳ್ಳದ್ದು ನಿಯಮ, ಜೀವನಪರ್ಯಂತದ್ದು ಯಮ ಎಂದು ಭೇದ ಮಾಡಿದ್ದಾರೆ. ಬೆಳೆಯುವ ಹುಡುಗನಿಗೆ ನಿಯಮವೇ ತಕ್ಕದ್ದು. ಮೂರು ತಿಂಗಳ ಮಟ್ಟಿಗೆ ಎಲ್ಲರೂ ಕೂಡಿ ಹೀಗೆ ಗೊತ್ತು ಮಾಡಿದೆವು. ಅಭ್ಯಾಸ ಮುಗಿದ ಮೇಲೆ ದಿನಕ್ಕೆ ಒಂದು ಸುತ್ತು, ರವಿವಾರ ಮೂರು. ಸಂಜೆಯ ಊಟಕ್ಕೆ ಮುಂಚಿನ ಒಂದು ತಾಸಿನಲ್ಲಿ ಹೊಸ ಸುತ್ತು ಆರಂಭಿಸಬಾರದು. ರಾತ್ರಿ ಒಂಬತ್ತಕ್ಕೆ ಮನೆಯ ಎಲ್ಲ ಮೊಬೈಲುಗಳೂ ಪಡಸಾಲೆಯ ಗೂಡಿಗೆ, ನಮ್ಮದೂ ಸೇರಿ. ಪಿನ್ ನಂಬರು ಮಕ್ಕಳೆದುರು ಒತ್ತಿದ್ದು ನಮ್ಮ ತಪ್ಪು, ಅದನ್ನು ಬದಲಿಸಿದೆವು. ಹಣ ತೀರುವ ತನಕ ರವಿವಾರ ಎರಡು ತಾಸು ಅಂಗಡಿಯ ಕೆಲಸ, ದಿನಕ್ಕೆ 100 ರೂಪಾಯಿ ಜಮಾ. ಶನಿವಾರ ಸಂಜೆ ಕ್ರಿಕೆಟ್ ಮೈದಾನ. ಆಡಿದ ಸುತ್ತುಗಳನ್ನು ಅವನೇ ಒಂದು ಕಿರ್ದಿಯಲ್ಲಿ ಬರೆಯಬೇಕು.

ಎಲ್ಲ ಆಟವೂ ರೋಗವಲ್ಲ ಎಂಬುದನ್ನೂ ಹಿರಿಯರು ಅರಿಯಬೇಕು. ಆಟದ ಮೇಲೆ ಹಿಡಿತ ತಪ್ಪಿ, ಉಳಿದೆಲ್ಲಕ್ಕಿಂತ ಅದೇ ದೊಡ್ಡದಾಗಿ, ಹಾನಿಯಾದರೂ ಬಿಡಲಾರದ ಸ್ಥಿತಿಯನ್ನೇ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ರೋಗಗಳ ಪಟ್ಟಿಗೆ ಸೇರಿಸಿತು. ಸಾಮಾನ್ಯವಾಗಿ 12 ತಿಂಗಳಾದರೂ ಹೀಗಿದ್ದರೆ ಮಾತ್ರ ಆ ಹೆಸರು. ಅಂಥ ಮಕ್ಕಳಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿಯೇ ಪ್ರತ್ಯೇಕ ಚಿಕಿತ್ಸಾ ವಿಭಾಗ ತೆರೆದಿದೆ. ಹಣ ಪಣಕ್ಕಿಡುವ ಆಟಗಳ ಮಾತು ಬೇರೆ, ಅವು ಜೂಜು. ಅವನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಅವುಗಳಿಗೆ ಮನೆಯಲ್ಲಿ ಒಂದು ಸುತ್ತಿನ ರಿಯಾಯಿತಿಯೂ ಬೇಡ.

“ಕೊಲ್ಲೂ ಆಟ ನಮ್ಮ ಮನ್ಯಾಗ ಯಾಕ ಬೇಕು?” ಎಂದು ನಮ್ಮ ಮನೆಯವರು ಇಂದಿಗೂ ಕೇಳುತ್ತಾರೆ. “ಖರೇ ಯಾರೂ ಸಾಯೂದಿಲ್ಲ ಆಯಿ” ಎಂಬುದು ಅವನ ಉತ್ತರ. ಆ ಚರ್ಚೆ ಮುಗಿದಿಲ್ಲ. ಮುಂದಿನ ನಿಯಮ ಬರೆಯುವಾಗ ಅದನ್ನೇ ಮೊದಲು ತೆಗೆದುಕೊಳ್ಳಬೇಕೆಂದಿದ್ದೇವೆ.

ಹತ್ತೊಂಬತ್ತು ರವಿವಾರಗಳಲ್ಲಿ ಸಾಲ ತೀರಿತು. ನಿಯಮ ಎಂದೂ ಮುರಿಯಲಿಲ್ಲವೆಂದು ಹೇಳಲಾರೆವು. ದೀಪಾವಳಿ ರಜೆಯಲ್ಲಿ ಒಂದೇ ದಿನ ಐದು ಸುತ್ತು ಆಡಿದ್ದ. ನಾವು ಊರಲ್ಲಿರಲಿಲ್ಲ, ನೋಡಿದವರೂ ಯಾರೂ ಇಲ್ಲ. ಮರಳಿ ಬಂದು ಕಿರ್ದಿ ತೆರೆದರೆ ಅವನ ಕೈಯಿಂದಲೇ ‘5’ ಎಂದು ಬರೆದಿತ್ತು. ನಾವು ಏನೂ ಅನ್ನದೆ ಅದರ ಕೆಳಗೆ ರುಜು ಹಾಕಿದೆವು.