ಕಂಪೈಲ್ ದೋಷ ಮತ್ತು ಕನ್ನಡದ ಅಕ್ಷರಕ್ರಮ

ಡೇಟಾಬೇಸ್ ತಂತ್ರಾಂಶವನ್ನು ಸೋರ್ಸ್ ಕೋಡ್‌ನಿಂದಲೇ ಕಂಪೈಲ್ ಮಾಡುವಾಗ, ಅಂದರೆ ಪ್ರೋಗ್ರಾಮರುಗಳು ಬರೆದ ಪಠ್ಯವನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತರುವಾಗ, ಪರದೆಯ ಮೇಲೆ ಹರಿದುಹೋಗುವ ನೂರಾರು ಸಾಲುಗಳಲ್ಲಿ ಮೊದಲು ಕಾಣಿಸಿಕೊಂಡ ದೋಷವೇ ಬಹುಮಟ್ಟಿಗೆ ಮೂಲದೋಷವಾಗಿದ್ದು, ಉಳಿದವು ಅದರ ಪರಿಣಾಮಗಳಾಗಿರುತ್ತವೆ. ಹಲವು ಕೆಲಸಗಳನ್ನು ಏಕಕಾಲಕ್ಕೆ ನಡೆಸುವ ಕಂಪೈಲಿನಲ್ಲಿ ಆ ಮೊದಲ ಸಾಲು ಎಲ್ಲೋ ಮೇಲೆ ಉಳಿದುಬಿಡುವುದರಿಂದ, ಆ ಕೆಲಸಗಳನ್ನು ಒಂದೊಂದಾಗಿ ಮತ್ತೆ ನಡೆಸಿ ನೋಡುವುದು ಲೇಸು.

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಆರಂಭವಾದ ಯೋಜನೆಯಿಂದ ಬೆಳೆದ ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ, ಕಂಪೈಲಿಗೆ ಮುನ್ನ ‘ಕಾನ್ಫಿಗರ್’ ಎಂಬ ಸ್ಕ್ರಿಪ್ಟ್ ಬೇಕಾದ ಲೈಬ್ರರಿಗಳೆಲ್ಲ ಕಂಪ್ಯೂಟರಿನಲ್ಲಿ ಇವೆಯೇ ಎಂದು ಪರೀಕ್ಷಿಸುತ್ತದೆ. 2023ರ 16ನೇ ಆವೃತ್ತಿಯಿಂದೀಚೆಗೆ ಈ ಹಂತದಲ್ಲಿ ಅನೇಕರು ಎದುರಿಸುವ ತೊಡಕೆಂದರೆ ಐಸಿಯು ಲೈಬ್ರರಿ ಸಿಗಲಿಲ್ಲವೆಂಬ ಸಂದೇಶ. ಐಸಿಯು ಎಂಬುದು ಯೂನಿಕೋಡ್ ಪಠ್ಯವನ್ನು ಆಯಾ ಭಾಷೆಯ ನಿಯಮದಂತೆ ಹೋಲಿಸಿ ವಿಂಗಡಿಸುವ ಸಿದ್ಧ ಪ್ರೋಗ್ರಾಂಗಳ ಸಂಗ್ರಹ. ಅದು ಕಂಪ್ಯೂಟರಿನಲ್ಲಿ ಇದ್ದೂ ಈ ಸಂದೇಶ ಬರಬಹುದು; ಏಕೆಂದರೆ ಲಿನಕ್ಸ್ ವಿತರಣೆಗಳು ಲೈಬ್ರರಿಯ ಚಾಲನಾ ಭಾಗವನ್ನೂ, ಕಂಪೈಲರಿಗೆ ಬೇಕಾದ ಹೆಡರ್ ಫೈಲುಗಳಿರುವ ‘ಡೆವ್’ ಪ್ಯಾಕೇಜನ್ನೂ ಬೇರೆ ಬೇರೆಯಾಗಿ ಕೊಡುತ್ತವೆ. ಯಾವ ಪರೀಕ್ಷೆ ಎಲ್ಲಿ ಸೋತಿತೆಂಬ ವಿವರ ‘ಕಾನ್ಫಿಗ್.ಲಾಗ್’ ಕಡತದಲ್ಲಿ ದಾಖಲಾಗಿರುತ್ತದೆ.

ಐಸಿಯು ಬೇಡವೆಂದು ಕಾನ್ಫಿಗರ್‌ಗೆ ಸೂಚಿಸಿದರೂ ದೋಷ ಮಾಯವಾಗಿ ಕಂಪೈಲ್ ಮುಗಿಯುತ್ತದೆ. ಕನ್ನಡದ ದತ್ತಾಂಶ ತುಂಬುವವರಿಗೆ ಈ ಸುಲಭದ ದಾರಿ ಅಪಾಯಕಾರಿ. ಆಗ ಹೆಸರುಗಳ ವಿಂಗಡಣೆ ಆಪರೇಟಿಂಗ್ ಸಿಸ್ಟಂನ ಭಾಷಾನಿಯಮದ ಅಥವಾ ಬರಿಯ ಬೈಟ್ ಕ್ರಮದ, ಅಂದರೆ ಅಕ್ಷರಗಳ ಸಂಕೇತಸಂಖ್ಯೆಗಳ ಕ್ರಮದ, ಪಾಲಾಗುತ್ತದೆ. ಉಜ್ಜಿನಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಊರುಗಳ ಪಟ್ಟಿ ಬೈಟ್ ಕ್ರಮದಲ್ಲೂ ನಿಘಂಟಿನ ಕ್ರಮದಲ್ಲೂ ಹೀಗೆಯೇ ಬರುವುದರಿಂದ, ಇದನ್ನಷ್ಟೇ ಪರೀಕ್ಷಿಸಿದವರಿಗೆ ಕೊರತೆ ಕಾಣಿಸುವುದೇ ಇಲ್ಲ. ಆದರೆ 2021ರವರೆಗೆ ಕೂಡ್ಲಿಗಿ, ಕೊಟ್ಟೂರುಗಳ ಜಿಲ್ಲಾಕೇಂದ್ರವಾಗಿದ್ದ ಬಳ್ಳಾರಿಯ ಹೆಸರನ್ನೂ ಬಸವಕಲ್ಯಾಣದ ಹೆಸರನ್ನೂ ಅದಕ್ಕೆ ಸೇರಿಸಿದೊಡನೆ ವ್ಯತ್ಯಾಸ ಬಯಲಾಗುತ್ತದೆ. ವರ್ಣಮಾಲೆಯಲ್ಲಿ ‘ಹ’ದ ನಂತರ ಬರುವ ‘ಳ’ಕಾರಕ್ಕೆ ಯೂನಿಕೋಡ್ ಸಂಕೇತಪಟ್ಟಿಯಲ್ಲಿ ‘ಲ’ ಮತ್ತು ‘ವ’ಗಳ ನಡುವೆ ಸ್ಥಾನ ದೊರೆತಿರುವುದರಿಂದ, ಬೈಟ್ ಕ್ರಮವು ಬಳ್ಳಾರಿಯನ್ನು ಬಸವಕಲ್ಯಾಣಕ್ಕಿಂತ ಮೊದಲು ನಿಲ್ಲಿಸುತ್ತದೆ. ಹೀಗಾಗಿ ಕಂಪೈಲನ್ನು ತಡೆದು ನಿಲ್ಲಿಸಿದ ಆ ಸಂದೇಶವನ್ನು ಕನ್ನಡಿಗರು ಉಪಕಾರವೆಂದೇ ಎಣಿಸಬೇಕು.

ಉಳಿದ ದೋಷಗಳ ಪರಿಹಾರ ಇಷ್ಟು ಸೂಕ್ಷ್ಮವಲ್ಲ. ರೀಡ್‌ಲೈನ್ ಅಥವಾ ಜೆಡ್‌ಲಿಬ್ ಲೈಬ್ರರಿ ಇಲ್ಲವೆಂಬ ದೂರಿಗೂ ಆಯಾ ಡೆವ್ ಪ್ಯಾಕೇಜೇ ಮದ್ದು. ಆಯ್ಕೆಗಳನ್ನು ಬದಲಿಸಿ ಮತ್ತೆ ಕಂಪೈಲ್ ಮಾಡುವಾಗ ಹಿಂದಿನ ಸಲದ ಅರೆಬೆಂದ ಫೈಲುಗಳು ಹೊಸವುಗಳೊಡನೆ ಬೆರೆತು ವಿಚಿತ್ರ ದೋಷಗಳನ್ನು ಹುಟ್ಟಿಸುವುದರಿಂದ, ಮೊದಲು ‘ಮೇಕ್ ಡಿಸ್ಟ್‌ಕ್ಲೀನ್’ ಆದೇಶದಿಂದ ಅವನ್ನು ತೊಡೆದುಹಾಕಬೇಕು. ಬಳಿಕ ‘ಮೇಕ್ ಚೆಕ್’ ಪರೀಕ್ಷೆಯನ್ನು ಸಾಮಾನ್ಯ ಬಳಕೆದಾರನ ಖಾತೆಯಿಂದ ನಡೆಸಬೇಕು. ಸರ್ವಾಧಿಕಾರವುಳ್ಳ ‘ರೂಟ್’ ಖಾತೆಯಲ್ಲಿ ಪೋಸ್ಟ್‌ಗ್ರೆಸ್ ಸರ್ವರ್ ಭದ್ರತೆಯ ದೃಷ್ಟಿಯಿಂದ ಓಡಲೊಪ್ಪುವುದಿಲ್ಲ. ಆ ಪರೀಕ್ಷೆ ಪಾಸಾದ ಮೇಲೂ ಐಸಿಯುವಿನ ಕನ್ನಡ ನಿಯಮವನ್ನು ಹೆಸರಿಸಿ ಬಳ್ಳಾರಿ, ಬಸವಕಲ್ಯಾಣಗಳನ್ನು ವಿಂಗಡಿಸಿ ನೋಡುವುದು ಅಗತ್ಯ. ಐಸಿಯು ಸೇರಿದ ಮಾತ್ರಕ್ಕೆ ಡೇಟಾಬೇಸ್ ಅದನ್ನು ತಾನಾಗಿ ಬಳಸುವುದಿಲ್ಲ.