ನಿಮಗಿದು ಗೊತ್ತೇ? ಸೊಳ್ಳೆಯ ಹೊಟ್ಟೆಯಲ್ಲೊಂದು ಸಂತೆ!

ಕಿವಿಯ ಹತ್ತಿರ ಗುಂಯ್ ಅಂತು. ಪಟ್ಟನೆ ಚಪ್ಪಾಳೆ ತಟ್ಟಿದಿರಿ. ಅಂಗೈಯಲ್ಲೊಂದು ಕಪ್ಪು ಚುಕ್ಕೆ. ಸತ್ತದ್ದು ಒಂದು ಸೊಳ್ಳೆ ಅಂದುಕೊಂಡಿರಾ? ಅದರ ಜೊತೆ ಒಂದು ಇಡೀ ವೈರಸ್ ಕುಟುಂಬವನ್ನೇ ಹೊಸಕಿ ಹಾಕಿರಬಹುದು ನೀವು!

ಲೋಕದಲ್ಲಿ ಸೊಳ್ಳೆಯ ಜಾತಿಗಳೇ 3,500ಕ್ಕೂ ಹೆಚ್ಚು. ಅವುಗಳೊಳಗಿನ ವೈರಸ್‌ಗಳಲ್ಲಿ ಬಹುಪಾಲಿಗೆ ನಮ್ಮ ಗೊಡವೆಯೇ ಇಲ್ಲ. ಅವು ಸೊಳ್ಳೆಯಲ್ಲೇ ಹುಟ್ಟಿ, ಸೊಳ್ಳೆಯಲ್ಲೇ ಬೆಳೆದು, ಸೊಳ್ಳೆಯಿಂದ ಸೊಳ್ಳೆಗೆ ದಾಟುತ್ತವೆ. ಡೆಂಗಿ, ಚಿಕುನ್‌ಗುನ್ಯಾ ಎಲ್ಲ ಆ ಸಂತೆಯ ನಾಲ್ಕು ಪುಂಡರು ಮಾತ್ರ!

ಇಂಥ ‘ಸೊಳ್ಳೆಗಷ್ಟೇ’ ವೈರಸ್ ಮೊದಲು ಕಣ್ಣಿಗೆ ಬಿದ್ದದ್ದು ಕಾಡಿನಲ್ಲಲ್ಲ, ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ. 1975ರ ಮಾತು. ತಟ್ಟೆಯಲ್ಲಿ ಬೆಳೆಸಿದ್ದ, ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಜೀವಕೋಶಗಳು ಒಂದಕ್ಕೊಂದು ಬೆಸೆದುಕೊಂಡು ದೊಡ್ಡ ಮುದ್ದೆಯಾಗತೊಡಗಿದವು. ಕಾರಣ ಹುಡುಕಿದರೆ ಸಿಕ್ಕಿದ್ದು ಹೊಸ ವೈರಸ್. ಅದರ ಹೆಸರೇ ‘ಕೋಶ ಬೆಸೆಯುವ ವೈರಸ್’. ಡೆಂಗಿಯ ದೂರದ ನೆಂಟ, ಆದರೆ ನಮ್ಮ ಮೈಯಲ್ಲಿ ಅದಕ್ಕೆ ಬದುಕಲು ಬಾರದು!

ಒಂದೇ ಊರಿನ ಎರಡು ಜಾತಿಯ ಸೊಳ್ಳೆಗಳು ಒಂದೇ ವೈರಸ್ ಬಳಗ ಹೊತ್ತಿರುತ್ತವೆಯೇ? ಇಲ್ಲ! ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದಲ್ಲಿ ಈಡಿಸ್ ಮತ್ತು ಕ್ಯುಲೆಕ್ಸ್ ಸೊಳ್ಳೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಅದೇ ದ್ವೀಪ, ಅದೇ ಗಾಳಿ. ಆದರೂ ಎರಡರ ವೈರಸ್ ಬಳಗ ಬೇರೆ ಬೇರೆ. ನೆರೆಮನೆಯವರಾದರೂ ಕುಲದೇವರು ಬೇರೆ ಎಂಬಂತೆ!

ಇನ್ನೊಂದು ವೈರಸ್ಸಂತೂ ತನ್ನನ್ನು ತಾನೇ ತುಂಡು ತುಂಡಾಗಿ ಕಟ್ಟಿಕೊಂಡು ಓಡಾಡುತ್ತದೆ. ಹೆಸರು ಗುವೈಕೊ ಕ್ಯುಲೆಕ್ಸ್. 2016ರಲ್ಲಿ ಅದರ ಗುಟ್ಟು ಹೊರಬಿತ್ತು. ಅದರ ವಂಶಸೂತ್ರ ಐದು ತುಂಡು, ಒಂದೊಂದು ತುಂಡಿಗೂ ಒಂದೊಂದು ಬೇರೆ ಪೊಟ್ಟಣ. ಮದುವೆ ಊಟದ ಅನ್ನ ಒಂದು ಗಾಡಿಯಲ್ಲಿ, ಸಾರು ಇನ್ನೊಂದರಲ್ಲಿ, ಎಲೆ ಮತ್ತೊಂದರಲ್ಲಿ ಬಂದ ಹಾಗೆ. ಕಡಿಮೆಯೆಂದರೂ ನಾಲ್ಕು ಪೊಟ್ಟಣ ಒಂದೇ ಸೊಳ್ಳೆಗೆ ತಲುಪಿದರೆ ಮಾತ್ರ ಸೋಂಕು. ಗಿಡಗಳ ವೈರಸ್‌ಗಳಲ್ಲಿ ಈ ಚಾಳಿ ಇದೆ. ಸೊಳ್ಳೆಯಲ್ಲೂ ಸಿಕ್ಕಾಗ ವಿಜ್ಞಾನಿಗಳೇ ಕಣ್ಣುಜ್ಜಿಕೊಂಡರು!

ಗಂಡು ಸೊಳ್ಳೆ ಕಚ್ಚುವುದಿಲ್ಲ, ಹೂವಿನ ರಸ ಕುಡಿದು ಸಾಧುವಿನಂತೆ ಬದುಕುತ್ತದೆ. ಹಾಗಿದ್ದರೂ ಅದರ ಮೈಯಲ್ಲಿ ವೈರಸ್ ಇರಬಲ್ಲದು. ರಕ್ತ ಮುಟ್ಟದವನಿಗೆ ಎಲ್ಲಿಂದ ಬಂತು? ತಾಯಿಯಿಂದ, ಮೊಟ್ಟೆಯ ಮೂಲಕ! ಅಮೆರಿಕದ ಲಾ ಕ್ರಾಸ್ ಎಂಬ ಊರಿನ ಹೆಸರು ಹೊತ್ತ ವೈರಸ್ ಕೊರೆಯುವ ಚಳಿಗಾಲವನ್ನು ಮರದ ಪೊಟರೆಯ ಸೊಳ್ಳೆ ಮೊಟ್ಟೆಗಳಲ್ಲೇ ಕಳೆಯುತ್ತದೆ. ವಸಂತದಲ್ಲಿ ಮೊಟ್ಟೆಯೊಡೆದು ಬಂದ ಗಂಡು, ಕೂಡುವಾಗ ಅದನ್ನು ಹೆಣ್ಣಿಗೆ ದಾಟಿಸುತ್ತದೆ. ಸಾಧುವಿನ ಬಣ್ಣ ಬಯಲು!

ಡೆಂಗಿ ವೈರಸ್ಸಿನ ಇಡೀ ಜಾತಕ, ಅಂದರೆ ವಂಶಸೂತ್ರ, ಸುಮಾರು 10,700 ಅಕ್ಷರ. ಪತ್ರಿಕೆಯ ಒಂದೆರಡು ಪುಟದಲ್ಲಿ ಅಚ್ಚು ಹಾಕಬಹುದು. ನಮ್ಮದು 300 ಕೋಟಿ ಅಕ್ಷರ. ಆದರೂ ಅದು ನಮ್ಮನ್ನು ವಾರಗಟ್ಟಲೆ ಮಲಗಿಸುತ್ತದೆ!

ರೋಗಿಯನ್ನು ಕಚ್ಚಿದ ಸೊಳ್ಳೆ ಮರುಕ್ಷಣವೇ ಡೆಂಗಿ ಹರಡುವುದಿಲ್ಲ. ವೈರಸ್ ಮೊದಲು ಕರುಳಿನ ಗೋಡೆ ದಾಟಬೇಕು, ಮೈಯೆಲ್ಲ ಹಬ್ಬಬೇಕು, ಕೊನೆಗೆ ಜೊಲ್ಲಿನ ಗ್ರಂಥಿ ಸೇರಬೇಕು. ಇದಕ್ಕೆ ಎಂಟರಿಂದ ಹನ್ನೆರಡು ದಿನ. ಬಹಳಷ್ಟು ಸೊಳ್ಳೆಗಳು ಅಷ್ಟು ದಿನ ಬದುಕುವುದೇ ಇಲ್ಲ!

ಎಚ್‌ಐವಿ ಸೊಳ್ಳೆಯಿಂದ ಯಾಕೆ ಹರಡುವುದಿಲ್ಲ? ಸೊಳ್ಳೆ ಅದನ್ನು ಊಟದ ಜೊತೆ ಜೀರ್ಣಿಸಿಕೊಂಡುಬಿಡುತ್ತದೆ. ಅಷ್ಟೇ!

ಕೋಳಿ ಸಿಡುಬಿನದು ತದ್ವಿರುದ್ಧ. ಆ ವೈರಸ್ ಸೊಳ್ಳೆಯೊಳಗೆ ಬೆಳೆಯುವುದೇ ಇಲ್ಲ. ಸೊಂಡಿಲಿಗೆ ಅಂಟಿಕೊಂಡು ಮುಂದಿನ ಕೋಳಿಗೆ ಹೋಗುತ್ತದೆ. ಇಲ್ಲಿ ಸೊಳ್ಳೆ ಬರೀ ಹಾರುವ ಸೂಜಿ!

ಸೊಳ್ಳೆಗೂ ತನ್ನದೇ ದಫ್ತರವಿದೆ ಗೊತ್ತೇ? ಹಳೆಯ ವೈರಸ್‌ಗಳ ಚೂರುಗಳನ್ನು ಈಡಿಸ್ ಸೊಳ್ಳೆ ತನ್ನ ಡಿಎನ್‌ಎಯಲ್ಲೇ ಸೇರಿಸಿಟ್ಟುಕೊಂಡಿದೆ. ಪೊಲೀಸ್ ಠಾಣೆಯ ಗೋಡೆಗೆ ಹಳೆ ಕಳ್ಳರ ಫೋಟೊ ಅಂಟಿಸಿದಂತೆ! ಅದೇ ವೈರಸ್ ಮತ್ತೆ ಬಂದರೆ ಗುರುತು ಹಿಡಿಯಲು ಈ ಚೂರುಗಳು ನೆರವಾಗುತ್ತವೆ.

ಡೆಂಗಿ ಬಂದ ಮೈಯ ವಾಸನೆಯೂ ಬದಲಾಗುತ್ತದಂತೆ. 2022ರಲ್ಲಿ ಇಲಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಸೋಂಕಿನಿಂದ ಚರ್ಮದ ಬ್ಯಾಕ್ಟೀರಿಯಾ ಹೆಚ್ಚಾಗಿ ಅಸಿಟೊಫಿನೋನ್ ಎಂಬ ಪರಿಮಳದ ವಸ್ತು ಜಾಸ್ತಿ ಹೊರಬಂತು. ಸೊಳ್ಳೆಗಳು ಆ ಇಲಿಗಳ ಕಡೆಗೇ ನುಗ್ಗಿದವು. ಅಂದರೆ ವೈರಸ್ ತನ್ನ ಸವಾರಿಗೆ ತಾನೇ ಸೀಟಿ ಹೊಡೆದು ಕರೆಯುತ್ತದೆ!

ಈಗ ಒಂದು ಬಾಳೆತೋಟದ ಕಥೆ ಕೇಳಿ. ಉಗಾಂಡದ ಕಾಡಿನಲ್ಲಿ ಒಂದು ಜಾತಿಯ ಸೊಳ್ಳೆ ಮರದ ತುದಿಯಲ್ಲೇ ವಾಸ, ಮಂಗಗಳೇ ಅದಕ್ಕೆ ಊಟ. ನೆಲಕ್ಕಿಳಿದು ಮನುಷ್ಯನನ್ನು ಕಚ್ಚುವುದು ಕಡಿಮೆ. ಹಾಗಾದರೆ ಅದು ಮಂಗಗಳಲ್ಲಿ ಹರಡುವ ಹಳದಿ ಜ್ವರದ ವೈರಸ್ ಊರಿಗೆ ಬಂದದ್ದು ಹೇಗೆ? ಮಂಗಗಳು ಬಾಳೆಹಣ್ಣು ಕದಿಯಲು ತೋಟಕ್ಕೆ ಬಂದವು. ಬಾಳೆ ಎಲೆಯ ಬುಡದ ಸಂದಿಯಲ್ಲಿ ಒಂದಿಷ್ಟು ಮಳೆನೀರು ನಿಂತಿರುತ್ತದಲ್ಲ, ಅಲ್ಲಿ ಹುಟ್ಟುವುದು ಬೇರೊಂದು ಜಾತಿಯ ಸೊಳ್ಳೆ. ಅದು ಮಂಗನನ್ನು ಕಚ್ಚಿತು, ಆಮೇಲೆ ತೋಟದ ಯಜಮಾನನನ್ನೂ ಕಚ್ಚಿತು. ಮರದ ತುದಿಯಿಂದ ಮನೆಯಂಗಳಕ್ಕೆ ವೈರಸ್ಸಿಗೆ ಸೇತುವೆ ಹಾಕಿದ್ದು ಒಂದು ಬಾಳೆಗೊನೆ!

ಆಫ್ರಿಕದ ಮಂಗಗಳಿಗೆ ಹಳದಿ ಜ್ವರ ಬಂದರೂ ಸಾಮಾನ್ಯವಾಗಿ ಏನೂ ಆಗದು. ಬ್ರೆಜಿಲ್‌ನ ಹೌಲರ್ ಕೋತಿಗಳು ಮಾತ್ರ ಸಾಲುಸಾಲಾಗಿ ಸಾಯುತ್ತವೆ. ಮೈಲಿಗಟ್ಟಲೆ ಕೇಳಿಸುವ ಅವುಗಳ ಕೂಗು ನಿಂತಿತೆಂದರೆ ಕಾಡಂಚಿನ ಜನ ಹುಷಾರಾಗಬೇಕು!

ಮಂಗ ಸತ್ತರೆ ಹಳದಿ ಜ್ವರವೇ? 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ವಿಜ್ಞಾನಿಗಳ ಎದೆ ಧಸಕ್ಕೆಂದಿತು. ಹಳದಿ ಜ್ವರ ಭಾರತಕ್ಕೂ ಬಂತೇ ಎಂಬ ಅನುಮಾನ. ನೋಡಿದರೆ ಅದೇ ಮನೆತನದ ಬೇರೆ ವೈರಸ್, ಹರಡುತ್ತಿದ್ದದ್ದು ಸೊಳ್ಳೆಯಲ್ಲ, ಉಣುಗು! ಅದೇ ಇವತ್ತಿನ ಮಂಗನ ಕಾಯಿಲೆ. ಅಂದಹಾಗೆ, ಹಳದಿ ಜ್ವರ ಹರಡಬಲ್ಲ ಸೊಳ್ಳೆ ನಮ್ಮ ಮನೆಮನೆಯಲ್ಲೂ ಇದೆ. ಆದರೂ ಆ ಜ್ವರ ಏಷ್ಯಾದಲ್ಲಿ ಎಂದೂ ಬೇರೂರಿಲ್ಲ. ಸದ್ಯ, ಬಚಾವ್!

ಗದ್ದೆಯಲ್ಲಿ ಒಂಟಿ ಕಾಲಿನಲ್ಲಿ ನಿಂತ ಬೆಳ್ಳಕ್ಕಿ ನೋಡಲು ಚೆಂದ. ಜಪಾನೀ ಮಿದುಳು ಜ್ವರದ ವೈರಸ್ಸಿಗೂ ಅದು ಚೆಂದವೇ! ಬೆಳ್ಳಕ್ಕಿಯಲ್ಲಿ, ಹಂದಿಯಲ್ಲಿ ಅದು ಸೊಂಪಾಗಿ ಬೆಳೆಯುತ್ತದೆ. ಗದ್ದೆಯ ನೀರಿನಲ್ಲಿ ಹುಟ್ಟಿದ ಕ್ಯುಲೆಕ್ಸ್ ಸೊಳ್ಳೆ ಅದನ್ನು ಹೊತ್ತು ತಿರುಗುತ್ತದೆ. ಮನುಷ್ಯನ ರಕ್ತದಲ್ಲಿ ಮಾತ್ರ ಮತ್ತೊಂದು ಸೊಳ್ಳೆಗೆ ಹತ್ತುವಷ್ಟು ವೈರಸ್ ಇರುವುದಿಲ್ಲ. ನಮ್ಮ ಮೈ ಅದಕ್ಕೆ ಕುರುಡು ಗಲ್ಲಿ. ಆದರೆ ಆ ಗಲ್ಲಿಯಲ್ಲೇ ಎಷ್ಟೋ ಮಕ್ಕಳ ಜೀವ ಹೋಗಿದೆ.

ಇದೇ ಜ್ವರಕ್ಕೆ ಭಾರತದಲ್ಲಿ ತಯಾರಾಗಿ 2013ರಲ್ಲಿ ಹೊರಬಂದ ಲಸಿಕೆಯ ಹೆಸರು ಜೆನ್‌ವ್ಯಾಕ್. ಅದಕ್ಕೆ ಬಳಸಿದ ವೈರಸ್ ತಳಿ ಎಲ್ಲಿಯದು ಗೊತ್ತೇ? ನಮ್ಮ ಕೋಲಾರದ ರೋಗಿಯೊಬ್ಬರಿಂದ ಸಿಕ್ಕಿದ್ದು! ತಳಿಯ ಹೆಸರಿನಲ್ಲೇ ‘ಕೋಲಾರ’ ಇದೆ. ಚಿನ್ನವನ್ನಷ್ಟೇ ಅಲ್ಲ, ಲಸಿಕೆಯನ್ನೂ ಕೊಟ್ಟ ಊರದು!

ಚಿಕುನ್‌ಗುನ್ಯಾಕ್ಕೂ ಚಿಕನ್‌ಗೂ ಯಾವ ನಂಟೂ ಇಲ್ಲ. ತಾಂಜಾನಿಯದ ಮಕೊಂಡೆ ಜನರ ಮಾತಿನಲ್ಲಿ ಅದಕ್ಕೆ ‘ಮೈ ಬಾಗಿಸುವುದು’ ಎಂಬರ್ಥ. 2006ರಲ್ಲಿ ಕರ್ನಾಟಕದಲ್ಲೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣ ದಾಖಲಾದವು. ಆಗ ಗೋಡೆ ಹಿಡಿದು ನಡೆದವರನ್ನು ಕೇಳಿ, ಹೆಸರು ಎಷ್ಟು ಸರಿ ಎಂದು ಹೇಳುತ್ತಾರೆ!

ಅದೇ ಹೊತ್ತಿಗೆ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಇನ್ನೊಂದು ಚಮತ್ಕಾರ. ಚಿಕುನ್‌ಗುನ್ಯಾ ವೈರಸ್ಸಿನ ಹೊದಿಕೆಯ ಪ್ರೋಟೀನ್ ಸರದಲ್ಲಿ 226ನೇ ಮಣಿ, ಅಂದರೆ ಅಮೈನೊ ಆಮ್ಲ, ಬದಲಾಯಿತು. ಒಂದೇ ಒಂದು! ಅಷ್ಟಕ್ಕೇ ಅದು ಈಡಿಸ್‌ನದೇ ಇನ್ನೊಂದು ಜಾತಿಯಾದ ಹುಲಿ ಸೊಳ್ಳೆಯ ಮೇಲೆ ಸಲೀಸಾಗಿ ಸವಾರಿ ಮಾಡತೊಡಗಿತು. ಮರುವರ್ಷ ಕೇರಳದಲ್ಲೂ ಇದೇ ಬದಲಾದ ವೈರಸ್. ಅಲ್ಲಿ ಹುಲಿ ಸೊಳ್ಳೆಗೆ ತೊಟ್ಟಿಲಾದದ್ದು ರಬ್ಬರ್ ತೋಟದ ಹಾಲು ಹಿಡಿಯುವ ಬಟ್ಟಲು!

ಈ ಹುಲಿ ಸೊಳ್ಳೆ ಏಷ್ಯಾದಿಂದ ಅಮೆರಿಕಕ್ಕೆ ಹಾರಿಕೊಂಡು ಹೋದದ್ದಲ್ಲ. ಹಳೇ ಟೈರಿನೊಳಗೆ ಮೊಟ್ಟೆಯಾಗಿ ಕೂತು ಹಡಗಿನಲ್ಲಿ ಹೋಯಿತು. 1985ರಲ್ಲಿ ಟೆಕ್ಸಾಸ್‌ನಲ್ಲಿ ನೆಲೆಯೂರಿದ್ದು ಪತ್ತೆಯಾಯಿತು. ಪಾಸ್‌ಪೋರ್ಟೂ ಇಲ್ಲ, ವೀಸಾನೂ ಇಲ್ಲ!

ಸೊಳ್ಳೆಯ ವೈರಸ್ಸಿನಿಂದಲೇ ನಮಗೆ ಉಪಕಾರ ಆದೀತೇ? ಇಸ್ರೇಲ್‌ನ ನೆಗೆವ್ ಮರುಭೂಮಿಯ ಸೊಳ್ಳೆಯಲ್ಲಿ ಸಿಕ್ಕ ಐಲಾಟ್ ವೈರಸ್, ಚಿಕುನ್‌ಗುನ್ಯಾದ ಬಂಧು. ಅದು ನಮ್ಮ ಜೀವಕೋಶದಲ್ಲಿ ಬೆಳೆಯದು. ವಿಜ್ಞಾನಿಗಳು ಅದಕ್ಕೆ ಚಿಕುನ್‌ಗುನ್ಯಾದ ಅಂಗಿ ತೊಡಿಸಿ ಲಸಿಕೆಯಾಗಿ ಪ್ರಯತ್ನಿಸಿದರು. ಇಲಿ, ಮಂಗಗಳಲ್ಲಿ ಕೆಲಸ ಮಾಡಿತು!

ಕೊನೆಯದೊಂದು, ನಿಮ್ಮ ಬಚ್ಚಲುಮನೆಯದ್ದೇ. ಈಡಿಸ್ ಸೊಳ್ಳೆ ಮೊಟ್ಟೆ ಅಂಟಿಸುವುದು ನೀರಿನಲ್ಲಲ್ಲ, ನೀರಿಗಿಂತ ತುಸು ಮೇಲೆ, ಡ್ರಮ್ಮಿನ ಒದ್ದೆ ಗೋಡೆಗೆ. ಒಣಗಿದರೂ ಅವು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಕೆಲವಕ್ಕೆ ತಾಯಿಯಿಂದಲೇ ಡೆಂಗಿ ಬಳುವಳಿ ಬಂದಿರಬಹುದು. ಮತ್ತೆ ನೀರು ತುಂಬಿದಿರೋ, ಮರಿ ಹೊರಬಂದೇಬಿಟ್ಟಿತು! ಆದ್ದರಿಂದ ಡ್ರಮ್ ಬರೀ ಖಾಲಿ ಮಾಡಬೇಡಿ. ಬ್ರಷ್ ಹಿಡಿದು ಒಳಗೋಡೆಯನ್ನು ಗರಗರ ಉಜ್ಜಿ!